ಕೈಯ ವಾಚು, ಸಂಪಿನ ಮೋಟಾರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತಂದೆಯವರಿಗೆ 71 ವರ್ಷ, ಬಿಪಿ, ಶುಗರ್ ಎರಡೂ ಇದೆ. ಎರಡನ್ನೂ ತೋರಿಸುವ ಸ್ಮಾರ್ಟ್‌ವಾಚ್ ಎರಡು ಸಾವಿರಕ್ಕೆ ಸಿಗುತ್ತದೆ ಎನ್ನುತ್ತಾರೆ ಅಂಗಡಿಯವರು. ಕೊಡಿಸಬಹುದೇ?
– ಮಲ್ಲೇಶ್ವರದ ಓದುಗರು

ಉತ್ತರ: ಶುಗರ್ ನೋಡಲೆಂದೇ ಆದರೆ ಖಂಡಿತ ಬೇಡ. ವಾಚಿನ ಹಿಂಬದಿಯಲ್ಲಿ ಮಿನುಗುವ ಹಸಿರು ದೀಪ ಇರುವುದು ನಾಡಿಬಡಿತ ಎಣಿಸಲು. ರಕ್ತ ಹಸಿರು ಬೆಳಕನ್ನು ಹೀರುತ್ತದೆ; ಪ್ರತಿ ಬಡಿತಕ್ಕೂ ಚರ್ಮದಡಿ ರಕ್ತ ಏರಿಳಿಯುವುದನ್ನು ಪಕ್ಕದ ಸೆನ್ಸರ್ ಹಿಡಿಯುತ್ತದೆ. ಅದರಿಂದ ಸಕ್ಕರೆ ಪ್ರಮಾಣ ತಿಳಿಯುವುದಿಲ್ಲ. ಚರ್ಮ ಚುಚ್ಚದೆ ಶುಗರ್ ಅಳೆಯುತ್ತೇವೆನ್ನುವ ವಾಚು, ಉಂಗುರಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ತಪ್ಪು ಅಂಕಿ ನಂಬಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಶುಗರ್ ಕುಸಿದು ಪ್ರಾಣಕ್ಕೇ ಅಪಾಯ. ಬಿಪಿ ಅಂದಾಜಿಸುವ ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚುಗಳನ್ನು ಕೂಡ ತೋಳಿಗೆ ಪಟ್ಟಿ ಕಟ್ಟುವ ಯಂತ್ರದ ಜೊತೆ 28 ದಿನಕ್ಕೊಮ್ಮೆ ತಾಳೆ ನೋಡಿ ಹೊಂದಿಸಲೇಬೇಕು. ಆ ಎರಡು ಸಾವಿರಕ್ಕೆ ಮೊದಲು ಒಳ್ಳೆಯ ತೋಳುಪಟ್ಟಿಯ ಬಿಪಿ ಯಂತ್ರವನ್ನೇ ತನ್ನಿ.

ವಾಚು ಬೇರೆ ಕಾರಣಕ್ಕೆ ಕೊಡಿಸಬೇಕು, ಅದೇ ಬಿದ್ದಾಗ ಗುರುತಿಸುವ ಸೌಲಭ್ಯ. ಬಿದ್ದವರು ಅಲುಗಾಡದಿದ್ದರೆ ವಾಚು ಮೊದಲು ಕೈಯಲ್ಲಿ ನಡುಗಿ ಎಚ್ಚರಿಸುತ್ತದೆ. ಉತ್ತರ ಬರದಿದ್ದರೆ ಸಹಾಯಕ್ಕೆ ಕರೆ ಮಾಡಿ ನೀವು ಸೇರಿಸಿಟ್ಟ ನಂಬರಿಗೆ ಸುದ್ದಿ ಮುಟ್ಟಿಸುತ್ತದೆ. ಮಾಮೂಲು ಬ್ಲೂಟೂತ್ ವಾಚಾದರೆ ಇದಕ್ಕೆ ಫೋನ್ ಹತ್ತಿರವೇ ಇರಬೇಕು. ಫೋನನ್ನು ಮನೆಯಲ್ಲೇ ಬಿಟ್ಟು ಸ್ಯಾಂಕಿ ಕೆರೆ ಸುತ್ತ ವಾಕಿಂಗ್ ಹೋಗುವವರಾದರೆ ಇ-ಸಿಮ್ ಇರುವ, ಅಂದರೆ ಫೋನಿಲ್ಲದೆ ತಾನೇ ಕರೆ ಮಾಡಬಲ್ಲ ಮಾದರಿಯೇ ಬೇಕು. ಕೆಲವು ವಾಚುಗಳು 30 ಸೆಕೆಂಡಿನ ಇಸಿಜಿಯನ್ನೂ ತೆಗೆಯುತ್ತವೆ. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತಾಳತಪ್ಪಿದ ಬಡಿತದ ಸುಳಿವು ಅದರಲ್ಲಿ ಸಿಗಬಹುದು, ಹೃದಯಾಘಾತ ಮಾತ್ರ ಗೊತ್ತಾಗುವುದಿಲ್ಲ. ಎದೆನೋವು ಬಂದರೆ ವಾಚು ನೋಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲಕ್ಕೆ, ಜಾರದಷ್ಟು ಬಿಗಿಯಾಗಿ ಕಟ್ಟಿ. ಸಡಿಲ ಬಿಟ್ಟರೆ ಹೊರಗಿನ ಬೆಳಕು ನುಗ್ಗಿ ಬಡಿತದ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಕನ್ನಡದ ಮೆಸೇಜುಗಳು ವಾಚಿನಲ್ಲಿ ಬರೀ ಚೌಕಗಳಾಗಿ ಕಾಣುತ್ತವೆ. ಸರಿಪಡಿಸಬಹುದೇ?
– ವಿಜಯನಗರದ ಓದುಗರು

ಉತ್ತರ: ವಾಚಿನಲ್ಲಿ ಕನ್ನಡ ಫಾಂಟ್ ಇಲ್ಲ. ಆ್ಯಪ್‌ನಲ್ಲಿ ಫರ್ಮ್‌ವೇರ್ (ವಾಚಿನೊಳಗಿನ ತಂತ್ರಾಂಶ) ಅಪ್‌ಡೇಟ್ ಇದೆಯೇ ನೋಡಿ. ಇಲ್ಲವಾದರೆ ಬೇರೆ ದಾರಿಯಿಲ್ಲ. ಕೆಲವು ವಾಚುಗಳಲ್ಲಿ ಅಕ್ಷರ ಬರುತ್ತದೆ, ಒತ್ತು ಕೂರುವುದಿಲ್ಲ: ‘ಅಮ್ಮ’ ಎಂದು ಕಳಿಸಿದರೆ ‘ಅಮ್‌ಮ’ ಎಂದು ಕಾಣುತ್ತದೆ. ಕೊಳ್ಳುವ ಮುನ್ನ ಅಂಗಡಿಯಲ್ಲೇ ನಿಮ್ಮ ಫೋನಿಗೆ ಜೋಡಿಸಿ, ‘ಸ್ವಾತಂತ್ರ್ಯ’ ಎಂದು ಯಾರಿಂದಲಾದರೂ ಮೆಸೇಜ್ ಹಾಕಿಸಿ ನೋಡಿ. ಕನ್ನಡ ಓದಲಾಗದ ವಾಚನ್ನು ದಯವಿಟ್ಟು ಅಲ್ಲೇ ಬಿಟ್ಟು ಬನ್ನಿ.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. 1 ಎಚ್‌ಪಿ ಸಂಪ್ ಮೋಟಾರಿಗೆ 16 ಆಂಪ್ ಸ್ಮಾರ್ಟ್ ಪ್ಲಗ್ ಹಾಕಿದ್ದೆವು. ಕೆಲವು ತಿಂಗಳಾದ ಮೇಲೆ ಆ್ಯಪ್‌ನಲ್ಲಿ ‘ಆಫ್’ ಎಂದಿದ್ದರೂ ಮೋಟಾರ್ ಓಡುತ್ತಲೇ ಇತ್ತು, ಟ್ಯಾಂಕ್ ತುಂಬಿ ಹರಿಯಿತು. ಏಕೆ?
– ರಾಜರಾಜೇಶ್ವರಿನಗರದ ಓದುಗರು

ಉತ್ತರ: ಪ್ಲಗ್‌ನೊಳಗಿನ ರಿಲೇ, ಅಂದರೆ ಕರೆಂಟನ್ನು ಆನ್-ಆಫ್ ಮಾಡುವ ಪುಟ್ಟ ಸ್ವಿಚ್ಚು, ಅಂಟಿಕೊಂಡಿದೆ. 16 ಆಂಪ್ ಎಂಬ ಲೆಕ್ಕ ಗೀಸರಿನಂಥ ಬರೀ ಕಾಯುವ ಉಪಕರಣಗಳಿಗೆ. 2,000 ವಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪ್ ಎಳೆಯುತ್ತದೆ, ಕೊನೆತನಕ ಅಷ್ಟೇ. ಮೋಟಾರ್ ಹಾಗಲ್ಲ, ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟನ್ನು ಸ್ಟಾರ್ಟ್ ಆಗುವ ಕ್ಷಣದಲ್ಲಿ ಎಳೆಯುತ್ತದೆ. ಪ್ರತಿ ಸಲ ಕಿಡಿ ಹಾರಿ ರಿಲೇಯ ಸಂಪರ್ಕಬಿಂದುಗಳು ಕರಗುತ್ತ, ಒಂದು ದಿನ ಬೆಸೆದುಕೊಳ್ಳುತ್ತವೆ. ಪ್ಲಗ್ ಬದಲಿಸಿದರೂ ಅದೇ ಕಥೆ.

ಮೋಟಾರಿನ ಕರೆಂಟ್ ಕಾಂಟ್ಯಾಕ್ಟರ್ (ಹೆಚ್ಚಿನ ಕರೆಂಟ್ ತಾಳುವ ದೊಡ್ಡ ಸ್ವಿಚ್ಚು) ಮೂಲಕ ಹೋಗಬೇಕು. ಸ್ಮಾರ್ಟ್ ಸ್ವಿಚ್ಚಿಗೆ ಕಾಂಟ್ಯಾಕ್ಟರನ್ನು ಆನ್ ಮಾಡುವ ಕಾಯಿಲಿಗೆ (ತಂತಿಸುರುಳಿಗೆ) ಕರೆಂಟ್ ಕೊಡುವ ಕೆಲಸ ಮಾತ್ರ. ಜೊತೆಗೆ ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಓವರ್‌ಲೋಡ್ ರಿಲೇ ಹಾಕಿಸಿ, ಮೋಟಾರಿನ ತಗಡಿನ ಮೇಲೆ ಬರೆದಿರುವ ಆಂಪಿಗೆ ಸೆಟ್ ಮಾಡಿಸಿ. ಇನ್ನು ಮುಖ್ಯವಾದದ್ದು: ಎರಡು ಫ್ಲೋಟ್ ಸ್ವಿಚ್. ಒಂದು ಸಂಪಿನಲ್ಲಿ, ನೀರು ತಳ ಮುಟ್ಟಿದಾಗ ಆಫ್ ಆಗುವಂತೆ; ಇನ್ನೊಂದು ಮೇಲಿನ ಟ್ಯಾಂಕಿನಲ್ಲಿ, ತುಂಬಿದಾಗ ಆಫ್ ಆಗುವಂತೆ. ಎರಡನ್ನೂ ಕಾಯಿಲಿನ ಲೈನಿನಲ್ಲಿ ಸರಣಿಯಾಗಿ ಜೋಡಿಸಿದರೆ ವೈ-ಫೈ ಹೋದರೂ, ಆ್ಯಪ್ ಕೈಕೊಟ್ಟರೂ ಮೋಟಾರ್ ತಾನೇ ನಿಲ್ಲುತ್ತದೆ. ಕಾವೇರಿ ನೀರು ಬಾರದ ದಿನ ಸಂಪ್ ಖಾಲಿಯಿದ್ದು ಮೋಟಾರ್ ಓಡಿದರೆ ಸೀಲ್ ಸುಟ್ಟುಹೋಗುತ್ತದೆ. ಅದನ್ನು ತಪ್ಪಿಸುವುದು ಸಂಪಿನ ಈ ಫ್ಲೋಟೇ.

ಆ್ಯಪ್‌ನಲ್ಲಿ ‘ಪವರ್ ಆನ್ ಸ್ಟೇಟ್’ ಹುಡುಕಿ ‘ಆಫ್’ ಮಾಡಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದ ತಕ್ಷಣ ಮೋಟಾರ್ ತಾನಾಗಿ ಶುರುವಾಗಬಹುದು. ನೀರಿಗಿಳಿಯುವ ತಂತಿಯಲ್ಲಿ 230 ವೋಲ್ಟ್ ಇರುವುದರಿಂದ 30 ಮಿಲಿ ಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್ಚು) ಮತ್ತು ಸರಿಯಾದ ಅರ್ಥಿಂಗ್ ಇಲ್ಲದೆ ಈ ಕೆಲಸಕ್ಕೆ ಕೈಹಾಕಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದಲೇ ಮಾಡಿಸಿ.

ಪ್ರಶ್ನೆ: ಸ್ಕೂಟರಿನಲ್ಲಿ ಹೋಗುವಾಗ ದಾರಿ ತೋರಿಸಲೆಂದು ವಾಚು ಕೊಂಡೆ. ಅರ್ಧ ಗಂಟೆಯಲ್ಲಿ ನೋಟಿಫಿಕೇಷನ್ ನಿಂತುಬಿಡುತ್ತದೆ.
– ಮಾರತ್ತಹಳ್ಳಿಯ ಓದುಗರು

ಉತ್ತರ: ವಾಚಿನ ದೋಷವಲ್ಲ, ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಫೋನು ವಾಚಿನ ಆ್ಯಪನ್ನು ಹಿನ್ನೆಲೆಯಲ್ಲಿ ನಿಲ್ಲಿಸುತ್ತಿದೆ. ಸೆಟ್ಟಿಂಗ್ಸ್, ಆ್ಯಪ್ಸ್, ವಾಚಿನ ಆ್ಯಪ್, ಬ್ಯಾಟರಿ – ಅಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಕೆಲವು ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಎಂಬುದು ಬೇರೆಯೇ ಇರುತ್ತದೆ, ಅದನ್ನೂ ಆನ್ ಮಾಡಿ. ಗೂಗಲ್‌ನ ವೇರ್ ಓಎಸ್ ತಂತ್ರಾಂಶದ ವಾಚಾದರೆ ಗೂಗಲ್ ಮ್ಯಾಪ್ಸ್ ತಿರುವು ಬಂದಾಗ ಮಣಿಕಟ್ಟಿಗೆ ವೈಬ್ರೇಷನ್ ಕೊಡುತ್ತದೆ. ಸಿಲ್ಕ್ ಬೋರ್ಡ್ ಕಡೆಯ ದಟ್ಟಣೆಯಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕೈ ನಡುಗಿತೆಂದು ಪರದೆಯತ್ತ ಕಣ್ಣು ಹೊರಳಿಸಬೇಡಿ. ದಾರಿ ಗೊಂದಲವಾದರೆ ಎಡಕ್ಕೆ ನಿಲ್ಲಿಸಿ ನೋಡಿ.