ಓದುಗರ ಪ್ರಶ್ನೆ: ಎರಡು ಮಳಿಗೆ, ಎರಡು ಜರ್ಮನಿ

ಪ್ರಶ್ನೆ: ನಾನು ವಿರಾಜಪೇಟೆಯಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿದ್ದೇನೆ. ಶಾಪರ್ಸ್ ಸ್ಟಾಪ್ ಒಂದು, ವೆಸ್ಟ್‌ಸೈಡ್ ಮಳಿಗೆಗಳನ್ನು ನಡೆಸುವ ಟ್ರೆಂಟ್ ಇನ್ನೊಂದು, ಈ ಎರಡು ಕಂಪನಿಗಳ ವಾರ್ಷಿಕ ವರದಿಗಳನ್ನು ಪ್ರಾಜೆಕ್ಟಿಗಾಗಿ ಹೋಲಿಸುತ್ತಿದ್ದೇನೆ. ಅನುಪಾತಗಳನ್ನೆಲ್ಲ ಹಾಕಿದ್ದಾಯಿತು. ಇದರಿಂದ ಏನು ತಿಳಿಯಿತು ಎಂದು ಅಧ್ಯಾಪಕರು ಕೇಳಿದರೆ ಹೇಳಲು ಏನೂ ಇಲ್ಲ.

ಉತ್ತರ: ಅನುಪಾತಗಳನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಮ್ಮ. ಮೊದಲು ಕೇಳಬೇಕಾದದ್ದು ಎರಡೇ ಮಾತು. ಅಂಗಡಿ ನಿಂತ ಜಾಗ ಯಾರದು? ಕಪಾಟಿನಲ್ಲಿರುವ ಮಾಲು ಯಾರದು?

ಸೋಮವಾರಪೇಟೆಯಲ್ಲಿ ನಮ್ಮ ತಂದೆಯವರದು ಬಟ್ಟೆ, ಕಂಬಳಿ, ಕೊಡೆ, ಗಮ್‌ಬೂಟು ಎಲ್ಲ ಸಿಗುವ ಅಂಗಡಿ. ಎದುರು ಸಾಲಿನಲ್ಲಿ ಅಂಥದ್ದೇ ಇನ್ನೊಂದಿತ್ತು. ವರ್ಷದ ಕೊನೆಗೆ ನಮ್ಮ ಲಾಭವೇ ಹೆಚ್ಚು ಎಂಬುದು ತಂದೆಯವರ ದೊಡ್ಡ ಹೆಮ್ಮೆ. ಪಿಯುಸಿಯಲ್ಲಿ ಲೆಕ್ಕಶಾಸ್ತ್ರ ಓದುತ್ತಿದ್ದ ನಾನು ಒಮ್ಮೆ ಆಷಾಢದ ಮಳೆಯಲ್ಲಿ ಅವರ ಖಾತೆ ಪುಸ್ತಕ ಹಿಡಿದು ಕುಳಿತೆ. ತೇವಕ್ಕೆ ಹಾಳೆಗಳು ಅಂಟಿಕೊಳ್ಳುತ್ತವೆಂದು ಆ ಪುಸ್ತಕವನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತಿದ್ದರು. ಬಿಚ್ಚಿದರೆ ಹೊಗೆಯ ವಾಸನೆ. ಖರ್ಚಿನ ಕಡೆ ಎಷ್ಟು ಹುಡುಕಿದರೂ ಬಾಡಿಗೆ ಎಂಬ ಸಾಲೇ ಕಾಣಲಿಲ್ಲ. ಕಟ್ಟಡ ಅಜ್ಜ ಕಟ್ಟಿಸಿದ್ದು. ಎದುರಿನವರು ತಿಂಗಳು ತಿಂಗಳು ಕೊಡುತ್ತಿದ್ದಷ್ಟು ಬಾಡಿಗೆಯನ್ನು ನಮ್ಮ ಲೆಕ್ಕಕ್ಕೂ ಹಾಕಿ ನೋಡಿದರೆ, ವ್ಯಾಪಾರದಲ್ಲಿ ಅವರೇ ಮುಂದಿದ್ದರು. ತಂದೆಯವರು ಎರಡು ದಿನ ನನ್ನೊಡನೆ ಮಾತನಾಡಲಿಲ್ಲ. ಮೂರನೆಯ ದಿನ ತಾವೇ ಗೆರೆ ಎಳೆದು, ಅದರ ನೆತ್ತಿಯ ಮೇಲೆ 'ಬಾಡಿಗೆ' ಎಂದು ದುಂಡಗೆ ಬರೆದರು. ಆ ಅಕ್ಷರಗಳು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿವೆ.

ಜರ್ಮನಿಯ ಹೆಸರಾಂತ ಮಳಿಗೆ ಸಮೂಹ ಕಾರ್‌ಸ್ಟಾಟ್‌ಕ್ವೆಲ್ಲೆ 2006ರಲ್ಲಿ ತನ್ನ ಮಳಿಗೆಗಳ ಕಟ್ಟಡಗಳನ್ನು ಸುಮಾರು 450 ಕೋಟಿ ಯೂರೋಗೆ ಮಾರಿ, ಅವೇ ಕಟ್ಟಡಗಳಲ್ಲಿ ಬಾಡಿಗೆಗೆ ಕುಳಿತಿತು. ಮಾರಿದ ವರ್ಷ ಸಾಲ ಇಳಿಯಿತು, ಕೈಯಲ್ಲಿ ಹಣ ಆಡಿತು. ಮುಂದೆ ಗಿರಾಕಿ ಬರಲಿ ಬಾರದಿರಲಿ, ಬಾಡಿಗೆ ತಪ್ಪುವಂತಿರಲಿಲ್ಲ. ಅರ್ಕಾಂಡೋರ್ ಎಂದು ಹೆಸರು ಬದಲಿಸಿಕೊಂಡ ಆ ಸಮೂಹ 2009ರ ಜೂನ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. ಬಾಡಿಗೆಯೊಂದೇ ಕಾರಣವಲ್ಲ, ಆದರೆ 2006ರ ಲೆಕ್ಕವನ್ನಷ್ಟೇ ನೋಡಿದವರು ಮೋಸ ಹೋಗುತ್ತಿದ್ದರು.

ನಿಮ್ಮ ಎರಡು ಕಂಪನಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. 2019ರ ಏಪ್ರಿಲ್ 1ರಿಂದ ನಮ್ಮಲ್ಲಿ ಇಂಡ್ ಎಎಸ್ 116 ಎಂಬ ಲೆಕ್ಕಪತ್ರ ಮಾನದಂಡ ಜಾರಿಗೆ ಬಂದಿದೆ. ಅದರಂತೆ ದೀರ್ಘಾವಧಿಯ ಬಾಡಿಗೆ ಒಪ್ಪಂದವನ್ನು ಸಾಲದಂತೆ ಆಸ್ತಿ–ಹೊಣೆ ಪಟ್ಟಿಯಲ್ಲಿ ತೋರಿಸಬೇಕು. ಬಾಡಿಗೆಯ ಖರ್ಚು ಒಡೆದು ಸವಕಳಿ ಮತ್ತು ಬಡ್ಡಿಯಾಗುತ್ತದೆ. ಹಾಗಾಗಿ ಬಡ್ಡಿ, ತೆರಿಗೆ, ಸವಕಳಿ ಕಳೆಯುವ ಮುಂಚಿನ ಲಾಭ ಆ ವರ್ಷ ಏಕಾಏಕಿ ಏರಿದಂತೆ ಕಾಣುತ್ತದೆ. ವ್ಯಾಪಾರ ಇದ್ದಲ್ಲೇ ಇರುತ್ತದೆ. ಆ ಗೆರೆಯ ಹಿಂದಿನ ವರ್ಷಗಳನ್ನು ಮುಂದಿನವುಗಳ ಪಕ್ಕದಲ್ಲಿ ಹಾಗೆಯೇ ಇಡಬೇಡಿ.

ಇನ್ನು ಮಾಲು. ವೆಸ್ಟ್‌ಸೈಡ್ ಮಾರುವುದು ಬಹುಪಾಲು ತನ್ನದೇ ಬ್ರ್ಯಾಂಡಿನ ಬಟ್ಟೆ. ಶಾಪರ್ಸ್ ಸ್ಟಾಪ್‌ನಲ್ಲಿ ಹೆಚ್ಚಿನವು ಬೇರೆ ಕಂಪನಿಗಳ ಬ್ರ್ಯಾಂಡ್. ಸ್ವಂತ ಮಾಲಿನಲ್ಲಿ ಒಟ್ಟು ಲಾಭದ ಪ್ರಮಾಣ ಹೆಚ್ಚು, ಮಾರಾಟವಾಗದೆ ಉಳಿದರೆ ನಷ್ಟವೂ ಪೂರ್ತಿ ತನ್ನದೇ. ಬೇರೆಯವರ ಮಾಲನ್ನು ಕಮಿಷನ್ ಮೇಲೆ ಮಾರಿದರೆ ಆ ಕಮಿಷನ್ ಮಾತ್ರ ಆದಾಯ. ಆದ್ದರಿಂದ ಲಾಭದ ಪ್ರಮಾಣವನ್ನು ಒಂಟಿಯಾಗಿ ನೋಡದೆ ದಾಸ್ತಾನಿನ ಜೊತೆ ನೋಡಿ. ವರ್ಷಕ್ಕೆ 60 ಲಕ್ಷ ರೂಪಾಯಿ ಅಸಲಿನ ಮಾಲು ಮಾರುವ ಅಂಗಡಿಯಲ್ಲಿ ಸರಾಸರಿ 15 ಲಕ್ಷದ ಮಾಲು ಕುಳಿತಿದ್ದರೆ ದಾಸ್ತಾನು ನಾಲ್ಕು ಸಲ ತಿರುಗಿತು. 10 ಲಕ್ಷದ್ದಾದರೆ ಆರು ಸಲ. ನಮ್ಮ ಅಂಗಡಿಯಲ್ಲಿ ಆಗಸ್ಟ್ ಹೊತ್ತಿಗೆ ತಳದ ಕಂಬಳಿಗಳಿಗೆ ಬೂಷ್ಟು ಹಿಡಿದಿರುತ್ತಿತ್ತು. ಪುಸ್ತಕದಲ್ಲಿ ಮಾತ್ರ ಅವು ಕೊಂಡ ಬೆಲೆಗೇ ನಿಂತಿರುತ್ತಿದ್ದವು.

ಪ್ರಶ್ನೆ: ಜರ್ಮನಿ ಒಂದಾಗಿ 35 ವರ್ಷ ಕಳೆದರೂ ಪೂರ್ವದವರು, ಪಶ್ಚಿಮದವರು ಎಂಬ ಮಾತು ಹೋಗಿಲ್ಲವಂತೆ. ಭಾಷೆ ಒಂದೇ ಇದ್ದೂ ಹೀಗೇಕೆ? ಕೊಡಗೂ 1956ರ ತನಕ ಬೇರೆ ರಾಜ್ಯವಾಗಿತ್ತು. ಅದಕ್ಕೆ ಇದನ್ನು ಹೋಲಿಸಬಹುದೇ? (ಸುಂಟಿಕೊಪ್ಪದ ಓದುಗರು)

ಉತ್ತರ: ಪೂರ್ವ ಜರ್ಮನಿಯ ರಾಷ್ಟ್ರಗೀತೆಯಲ್ಲಿ 'ಜರ್ಮನಿ, ಒಂದಾದ ತಾಯ್ನಾಡು' ಎಂಬ ಅರ್ಥದ ಸಾಲಿತ್ತು. 1970ರ ದಶಕದಲ್ಲಿ ಆ ಸರ್ಕಾರ ಗೀತೆಯ ಪದಗಳನ್ನು ಬಿಟ್ಟು ಬರೀ ವಾದ್ಯದಲ್ಲಿ ನುಡಿಸತೊಡಗಿತು. 1974ರಲ್ಲಿ ಸಂವಿಧಾನದಿಂದಲೂ 'ಜರ್ಮನ್ ರಾಷ್ಟ್ರ' ಎಂಬ ಮಾತನ್ನು ತೆಗೆಯಿತು. ಒಂದು ಪೀಳಿಗೆಯ ಮಕ್ಕಳು ಪದವಿಲ್ಲದ ರಾಷ್ಟ್ರಗೀತೆ ಕೇಳುತ್ತ ಬೆಳೆದರು. ಭಾಷೆ ಒಂದೇ ಎಂಬುದು ಇದನ್ನೆಲ್ಲ ಅಳಿಸುವಷ್ಟು ದೊಡ್ಡ ವಿಷಯವಲ್ಲ.

1989ರ ಶರತ್ಕಾಲದಲ್ಲಿ ಲೈಪ್‌ಜಿಗ್‌ನ ಬೀದಿಗಳಲ್ಲಿ ಜನ ಮೊದಲು ಕೂಗಿದ್ದು 'ನಾವೇ ಜನತೆ' ಎಂದು. ಬರ್ಲಿನ್ ಗೋಡೆ ಬಿದ್ದ ಮೇಲೆ ಅದು 'ನಾವು ಒಂದೇ ಜನತೆ' ಎಂದಾಯಿತು. ಮೊದಲ ಕೂಗಿನಲ್ಲಿ ಆಳುವವರನ್ನು ಪ್ರಶ್ನಿಸುವ ಎದೆಗಾರಿಕೆಯಿದೆ, ಎರಡನೆಯದರಲ್ಲಿ ಸೇರಿಕೊಳ್ಳುವ ಆಸೆ. ಎರಡನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಎರಡೂ ಕಡೆಯವರು ಕುಳಿತು ಹೊಸ ಸಂವಿಧಾನ ಬರೆಯುವ ದಾರಿ ಪಶ್ಚಿಮದ ಸಂವಿಧಾನವಾಗಿದ್ದ 'ಮೂಲ ಕಾನೂನಿನ' 146ನೇ ವಿಧಿಯಲ್ಲಿತ್ತು. ಅದನ್ನು ಬಿಟ್ಟು, 23ನೇ ವಿಧಿಯಂತೆ ಪೂರ್ವವು 1990ರ ಅಕ್ಟೋಬರ್ 3ರಂದು ಪಶ್ಚಿಮಕ್ಕೆ ಸೇರ್ಪಡೆಯಾಯಿತು.

ಅದಕ್ಕೂ ಮೊದಲೇ, ಜುಲೈ 1ರಂದು ಹಣ ಒಂದಾಗಿತ್ತು. ಕೂಲಿ, ಪಿಂಚಣಿಯಲ್ಲಿ ಪೂರ್ವದ ಒಂದು ಮಾರ್ಕಿಗೆ ಪಶ್ಚಿಮದ ಒಂದು ಮಾರ್ಕು. ಉಳಿತಾಯದಲ್ಲಿ ಮಕ್ಕಳಿಗೆ 2,000, ದೊಡ್ಡವರಿಗೆ 4,000, ಅರವತ್ತು ತುಂಬಿದವರಿಗೆ 6,000 ಮಾರ್ಕಿನ ತನಕ ಒಂದಕ್ಕೆ ಒಂದು, ಮಿಕ್ಕದ್ದು ಎರಡಕ್ಕೆ ಒಂದು. ಪಶ್ಚಿಮದ ಕೇಂದ್ರ ಬ್ಯಾಂಕು ಕೂಲಿಗೂ ಎರಡಕ್ಕೆ ಒಂದು ಸಾಕು ಎಂದಿತ್ತು. ಒಬ್ಬ ಮನುಷ್ಯನ ದುಡಿಮೆಗೆ ಅರ್ಧ ಬೆಲೆ ಎಂದು ಯಾವ ಬಾಯಿಂದ ಹೇಳುವುದು? ಒಂದಕ್ಕೆ ಒಂದು ಎಂದದ್ದೇ ಸರಿ ಎಂದು ನಾನು ನಂಬುತ್ತೇನೆ. ಅದರ ಬೆಲೆಯನ್ನೂ ಪೂರ್ವದವರೇ ತೆತ್ತರು. ಕಾರ್ಖಾನೆಗಳ ಕೂಲಿ ಖರ್ಚು ರಾತ್ರೋರಾತ್ರಿ ಗಟ್ಟಿ ಹಣಕ್ಕೆ ತಿರುಗಿತು, ಅವುಗಳ ಸರಕನ್ನು ಆ ಬೆಲೆಗೆ ಕೊಳ್ಳುವವರಿರಲಿಲ್ಲ. ಪೂರ್ವದವರೇ ಪಶ್ಚಿಮದ ಸರಕು ಬೇಕೆಂದರು. ಸುಮಾರು 40 ಲಕ್ಷ ಜನ ದುಡಿಯುತ್ತಿದ್ದ ಸರ್ಕಾರಿ ಉದ್ಯಮಗಳು ಟ್ರಾಯ್‌ಹಾಂಡ್ ಎಂಬ ಸಂಸ್ಥೆಯ ಕೈಗೆ ಹೋದವು, 1994ರ ಹೊತ್ತಿಗೆ ಮಾರಿ ಇಲ್ಲವೇ ಮುಚ್ಚಿ ಮುಗಿದಿದ್ದವು. ಬರ್ಲಿನ್ನಿನ ಅಲೆಕ್ಸಾಂಡರ್ ಚೌಕದಲ್ಲಿ 1970ರಲ್ಲಿ ತೆರೆದಿದ್ದ ಪೂರ್ವದ ದೊಡ್ಡ ಮಳಿಗೆ ಸೆಂಟ್ರಮ್ ಕೂಡ ಪಶ್ಚಿಮದ ಮಳಿಗೆ ಕಂಪನಿ ಕೌಫ್‌ಹೋಫ್‌ನದಾಯಿತು. ಅಲ್ಲೂ ಜಾಗ ಯಾರದು, ಮಾಲು ಯಾರದು ಎಂದು ಕೇಳಿಕೊಂಡರೆ, ಎರಡಕ್ಕೂ ಪಶ್ಚಿಮ ಎಂಬ ಉತ್ತರ ಬರುತ್ತದೆ. ನಮ್ಮ ಬದುಕನ್ನೇ ದಾಸ್ತಾನು ಖಾಲಿ ಮಾಡುವವರಂತೆ ವಿಲೇವಾರಿ ಮಾಡಿದರು ಎಂದು ಅನ್ನಿಸಿದವರಿಗೆ 'ಪೂರ್ವದವರು' ಎಂಬ ಗುರುತು ರಾಜ್ಯ ಹೋದ ಮೇಲೆಯೇ ಗಟ್ಟಿಯಾಯಿತು.

ಕೊಡಗಿನ ಮಾತು. 1952ರ ಚುನಾವಣೆಯ ನಂತರ ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಯಾಗಿದ್ದರು, 24 ಸ್ಥಾನಗಳ ವಿಧಾನಸಭೆ ಇತ್ತು, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದೆವು. ಆದರೆ ಎರಡೂ ಕಡೆ ಅದೇ ರೂಪಾಯಿ, ಅದೇ ಸಂವಿಧಾನ. ಗಡಿಯಲ್ಲಿದ್ದ ಕುಶಾಲನಗರದ ಸೇತುವೆ ದಾಟುವವರಿಗೆ ಯಾರೂ ಗುಂಡು ಹಾರಿಸಲಿಲ್ಲ. ಹೋಲಿಕೆ ಬೇಡ.

ಹೋಲಿಕೆ ಇಲ್ಲದಿದ್ದರೂ ನಂಟು ಇದೆ. 1975ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಕಾಫಿ ಬೆಲೆ ಏರಿದಾಗ ಪೂರ್ವ ಜರ್ಮನಿಗೆ ಕೊಳ್ಳಲು ಡಾಲರ್ ಸಾಲದಾಯಿತು. 1977ರಲ್ಲಿ ಶೇ 51ರಷ್ಟು ಮಾತ್ರ ಕಾಫಿ ಇದ್ದ ಮಿಶ್ರಪುಡಿಯನ್ನು ಜನರ ಮುಂದಿಟ್ಟಿತು; ಜನ ರೇಗಿದರು. ಆಗ ಅದು ವಿಯೆಟ್ನಾಂನ ಡಾಕ್ ಲಾಕ್ ಸೀಮೆಯಲ್ಲಿ ರೊಬಸ್ಟಾ ಕಾಫಿ ಬೆಳೆಸಲು ಯಂತ್ರ, ಹಣ, ತಜ್ಞರನ್ನು ಕಳುಹಿಸಿತು. ಗಿಡಗಳು ಫಸಲಿಗೆ ಬರುವ ಹೊತ್ತಿಗೆ ಆ ದೇಶವೇ ಇರಲಿಲ್ಲ. ವಿಯೆಟ್ನಾಂ ಮಾತ್ರ ನಿಲ್ಲದೆ ನೆಡುತ್ತಲೇ ಹೋಯಿತು. ಲೋಕದ ಮಾರುಕಟ್ಟೆಯಲ್ಲಿ ರೊಬಸ್ಟಾ ತುಂಬಿ 2001ರಲ್ಲಿ ಬೆಲೆ ನೆಲ ಕಚ್ಚಿದ್ದನ್ನು ಸುಂಟಿಕೊಪ್ಪದವರಾದ ನಿಮಗೆ ನಾನು ಹೇಳಬೇಕಾಗಿಲ್ಲ. ನಮ್ಮ ಅಂಗಡಿಯಲ್ಲಿ ತೋಟದವರು ವರ್ಷವಿಡೀ ಉದ್ದರಿ ಬರೆಸಿ ಮಾರ್ಚ್‌ನಲ್ಲಿ ಕಾಫಿ ಮಾರಿ ತೀರಿಸುತ್ತಿದ್ದರು. 2002ರ ಮಾರ್ಚ್‌ನಲ್ಲಿ ಅರ್ಧಕ್ಕರ್ಧ ಹೆಸರುಗಳ ಮುಂದೆ ತಂದೆಯವರು 'ಮುಂದಿನ ಪುಟಕ್ಕೆ' ಎಂದು ಬರೆದರು. ಯಾರ ಮನೆಗೂ ಕೇಳಲು ಹೋಗಲಿಲ್ಲ.

ನಿಮ್ಮ ಮನೆಯಲ್ಲಿ ಆ ಎರಡು ವರ್ಷಗಳ ಕಾಫಿ ಮಾರಿದ ಚೀಟಿಗಳು ಉಳಿದಿದ್ದರೆ ಒಂದು ಪ್ರತಿ ಕಳುಹಿಸಿಕೊಡಿ. ತಂದೆಯವರ ಪುಸ್ತಕದ ಪಕ್ಕದಲ್ಲಿಟ್ಟು ಓದಬೇಕೆಂದಿದೆ.