'ಬಿ.ಡಿ.' ಅಂದ್ರೆ 'ಬಿಡಿ' ಅಲ್ಲ

ಶಿರಸಿಯಲ್ಲಿ ಹಿರಿಯರಿಗೆ ಮೊಬೈಲ್ ಬಳಕೆ ಕಲಿಸುತ್ತಾ ಎಂಟು ವರ್ಷ ಆಯ್ತು. ತರಗತಿಯಲ್ಲೂ ಈ ಪ್ರಶ್ನೋತ್ತರದಲ್ಲೂ ಮತ್ತೆ ಮತ್ತೆ ಬರುವುದು ಒಂದೇ ಬೇಡಿಕೆ: "ಮೆಸೇಜಿನಲ್ಲಿ ಬರೋ ಶಾರ್ಟ್‌ಫಾರ್ಮ್‌ಗಳ ಪೂರ್ತಿ ಪಟ್ಟಿ ಕೊಡಿ." ನಾನು ಕೊಡುವುದಿಲ್ಲ. ಯಾಕೆ ಅಂತ ಮೊದಲ ಪ್ರಶ್ನೆ ಓದಿದರೆ ತಿಳಿಯುತ್ತದೆ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ, ಆಯಿ ಯಲ್ಲಾಪುರದ ಹತ್ತಿರ ಹಳ್ಳಿಯಲ್ಲಿ. ಡಾಕ್ಟರ ಚೀಟಿಯಲ್ಲಿ ಇದ್ದ ಹಾಗೇ ಬಿಪಿ ಮಾತ್ರೆಯ ಹೆಸರು, ಮುಂದೆ 'ಬಿ.ಡಿ.' ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸಿದೆ. ಪಕ್ಕದ ಮನೆ ಹುಡುಗ ಓದಿ ಹೇಳಿದ. ಆಯಿ 'ಬಿಡಿ' ಅಂತ ಕೇಳಿಸಿಕೊಂಡು ನಾಲ್ಕು ದಿನ ಮಾತ್ರೆಯನ್ನೇ ಬಿಟ್ಟಳು. ಇದನ್ನೆಲ್ಲ ಆಕೆಗೆ ಹೇಗೆ ಕಲಿಸಲಿ?

ಉತ್ತರ: ಆಯಿಗೆ ಏನೂ ಕಲಿಸಬೇಡಿ. ನೀವು ಬರೆಯುವ ರೀತಿ ಬದಲಿಸಿ. ಅದಕ್ಕೂ ಮೊದಲು ಡಾಕ್ಟರಿಗೆ ಫೋನ್ ಮಾಡಿ ನಾಲ್ಕು ದಿನ ತಪ್ಪಿದೆ ಅಂತ ಹೇಳಿ. ತಪ್ಪಿದ ಮಾತ್ರೆ ಎಲ್ಲ ಸೇರಿಸಿ ಒಟ್ಟಿಗೆ ನುಂಗಿಸಬೇಡಿ.

'ಬಿ.ಡಿ.' ಲ್ಯಾಟಿನ್‌ನಿಂದ ಬಂದದ್ದು, ದಿನಕ್ಕೆ ಎರಡು ಸಲ ಅಂತ ಅರ್ಥ. ಅದು ಡಾಕ್ಟರು ಔಷಧಿ ಅಂಗಡಿಯವರಿಗೆ ಬರೆಯುವ ಗುರುತು. ನಿಮಗೆ ಬರೆದದ್ದೂ ಅಲ್ಲ, ಆಯಿಗೆ ಬರೆದದ್ದೂ ಅಲ್ಲ. ಇಂಥ ಅಕ್ಷರಗಳು ಜಾಗ ಬದಲಾದರೆ ಅರ್ಥವನ್ನೂ ಬದಲಿಸುತ್ತವೆ. ಮಾತ್ರೆ ಮುಂದೆ 'ಟಿ.ಡಿ.ಎಸ್.' ಅಂದ್ರೆ ದಿನಕ್ಕೆ ಮೂರು ಸಲ. ಬ್ಯಾಂಕಿನ ಮೆಸೇಜಿನಲ್ಲಿ ಅದೇ ಮೂರಕ್ಷರ ಬಡ್ಡಿಯಲ್ಲಿ ಮುರಿದುಕೊಂಡ ತೆರಿಗೆ. 'ಒ.ಡಿ.' ಅಂದ್ರೆ ದಿನಕ್ಕೆ ಒಂದು ಸಲ. ಕಣ್ಣಿನ ಚೀಟಿಯಲ್ಲಾದರೆ ಬಲಗಣ್ಣು. ನೋವಿನ ಮಾತ್ರೆ ಮುಂದೆ 'ಎಸ್.ಒ.ಎಸ್.' ನೋಡಿದ ಅಂಕೋಲಾದ ಹಿರಿಯರೊಬ್ಬರು ಅದನ್ನು ಆಪತ್ತಿನ ಕರೆ ಅಂತ ತಿಳಿದು, ಪ್ರಾಣಕ್ಕೇ ಕುತ್ತು ಅಂದುಕೊಂಡು, ರಾತ್ರಿ ಗಾಡಿ ಮಾಡಿಸಿಕೊಂಡು ಕಾರವಾರಕ್ಕೆ ಹೋಗಿದ್ದರು. ಔಷಧಿ ಚೀಟಿಯಲ್ಲಿ ಅದರ ಅರ್ಥ 'ಬೇಕಾದರೆ ಮಾತ್ರ ತಗೊಳ್ಳಿ' ಅಂತ ಅಷ್ಟೇ. ಈಗ ಹೇಳಿ, ಪಟ್ಟಿ ಬಾಯಿಪಾಠ ಮಾಡಿದವರು ಉಳಿಯುತ್ತಾರಾ?

ಈ ಚುಟುಕು ಬರಹಕ್ಕೆ ಒಂದು ಕಾಲದಲ್ಲಿ ಕಾರಣ ಇತ್ತು. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರ ಮಾತ್ರ ಹಿಡಿಸುತ್ತಿತ್ತು. ಬಟನ್ ಫೋನಿನಲ್ಲಿ 'ಎಸ್' ಬರಬೇಕಾದರೆ 7ನ್ನು ನಾಲ್ಕು ಸಲ ಒತ್ತಬೇಕಿತ್ತು. ಹೊಸ ವರ್ಷ, ದೀಪಾವಳಿಗೆ ಎಸ್ಸೆಮ್ಮೆಸ್ ಪ್ಯಾಕ್ ಕೂಡ ನಡೆಯುತ್ತಿರಲಿಲ್ಲ, ಪ್ರತಿಯೊಂದಕ್ಕೂ ದುಡ್ಡು. ಆಗ ಜನ ಅಕ್ಷರ ಉಳಿಸಿದರು, ಸರಿ. ಈಗ ವಾಟ್ಸ್ಯಾಪಿನಲ್ಲಿ ಯಾರಿಗಾಗಿ ಉಳಿಸುತ್ತೀರಿ?

ಮಳೆಗಾಲದಲ್ಲಿ ಘಟ್ಟದ ಮೇಲೆ ಡೇಟಾ ಸಿಗದಿದ್ದರೂ ಎಸ್ಸೆಮ್ಮೆಸ್ ಎಷ್ಟೋ ಸಲ ಹೋಗುತ್ತದೆ. ಕನ್ನಡದಲ್ಲಿ ಬರೆದರೆ ಒಂದಕ್ಕೆ 70 ಜಾಗ ಮಾತ್ರ. ಕೊಂಬು, ಒತ್ತು ಎಲ್ಲ ಲೆಕ್ಕಕ್ಕೆ ಬರುತ್ತದೆ. 'ಬೆಳಿಗ್ಗೆ' ಅನ್ನುವ ಒಂದೇ ಪದ ಎಂಟು ಜಾಗ ತಿನ್ನುತ್ತದೆ. ತಿನ್ನಲಿ ಬಿಡಿ. ಮೆಸೇಜ್ ಎರಡಾದರೆ ಆಗಲಿ. "ಬೆಳಿಗ್ಗೆ ತಿಂಡಿ ಆದ ಮೇಲೆ 1, ರಾತ್ರಿ ಊಟ ಆದ ಮೇಲೆ 1" ಅಂತ ಡಾಕ್ಟರು ಹೇಳಿದ ಹಾಗೇ ಬಿಡಿಸಿ ಬರೆಯಿರಿ. ಔಷಧಿ ಅಂಗಡಿಯವರ ಹತ್ತಿರ ಮಾತ್ರೆ ಹಾಳೆಯ ಹಿಂದೆ ಪೆನ್ನಿನಲ್ಲಿ 1-0-1 ಅಂತ ಬರೆಸಿಕೊಳ್ಳಲು ಹೇಳಿ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು. ಇದು ನಮ್ಮ ಕಡೆಯ ಅಜ್ಜಿಯರಿಗೂ ಗೊತ್ತು. ಆಮೇಲೆ ಫೋನ್ ಮಾಡಿ, "ಏನು ತಗೊಳ್ತೆ, ಯಾವಾಗ ತಗೊಳ್ತೆ" ಅಂತ ಆಯಿ ಬಾಯಿಂದಲೇ ಹೇಳಿಸಿ. ಈ ಕೊನೇ ಕೆಲಸ ಮಾತ್ರ ತಪ್ಪಿಸಬೇಡಿ.

ಪ್ರಶ್ನೆ: ಮಗಳು ಎಲ್ಲದಕ್ಕೂ ಬರೀ 'ಕೆ' ಅಂತ ಹಾಕುತ್ತಾಳೆ. ಸಿಟ್ಟು ಬಂದಿದೆಯಾ?

ಉತ್ತರ: 'ಓಕೆ'ಯ ಬಾಲ ಅದು. ಸಿಟ್ಟೋ ಅಲ್ವೋ, ಅವಳನ್ನೇ ಕೇಳಿ.

ಪ್ರಶ್ನೆ: ರೈಲ್ವೆ ಮೆಸೇಜಿನಲ್ಲಿ 'ಆರ್.ಎ.ಸಿ.' ಅಂತ ಬಂದಿದೆ. ಟಿಕೆಟ್ ಆದ ಹಾಗಾ?

ಉತ್ತರ: ರೈಲು ಹತ್ತಬಹುದು, ಕೂರಲು ಜಾಗ ಇದೆ. ಮಲಗುವ ಬರ್ತ್ ಬೇರೆಯವರು ಟಿಕೆಟ್ ರದ್ದು ಮಾಡಿದರೆ ಸಿಗಬಹುದು.

ಪ್ರಶ್ನೆ: ಫೇಸ್‌ಬುಕ್ಕಿನಲ್ಲಿ 'ಬಿ.ಎಫ್.ಎಫ್.' ಅಂತ ಬರೆದಾಗ ಹಸಿರು ಬಣ್ಣ ಬಂದರೆ ಖಾತೆ ಸುರಕ್ಷಿತ ಅಂತೆ, ಹೌದಾ?

ಉತ್ತರ: ಸುಳ್ಳು. 2018ರಿಂದ ಸುತ್ತುತ್ತಿರುವ ಸುಳ್ಳು. ಅದರ ಅರ್ಥ 'ಎಂದೆಂದೂ ಆಪ್ತ ಗೆಳೆಯರು' ಅಂತ, ಸುರಕ್ಷತೆಗೂ ಅದಕ್ಕೂ ಸಂಬಂಧ ಇಲ್ಲ. ಪಾಸ್‌ವರ್ಡ್ ಗಟ್ಟಿ ಮಾಡಿ.

ಪ್ರಶ್ನೆ: ಮಕ್ಕಳ 'ಗುಪ್ತ ಚಾಟ್ ಭಾಷೆ' ಓದಿಕೊಡುವ ಆ್ಯಪ್ ಅಂತ ವಾಟ್ಸ್ಯಾಪಿನಲ್ಲಿ ಒಂದು 'ಎ.ಪಿ.ಕೆ.' ಬಂದಿದೆ. ಹಾಕಿಕೊಳ್ಳಲಾ?

ಉತ್ತರ: ಬೇಡ! ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ನಿಲ್ಲುತ್ತಿಲ್ಲ. ಎ.ಪಿ.ಕೆ. ಅಂದ್ರೆ ಆಂಡ್ರಾಯ್ಡ್ ಫೋನಿಗೆ ಆ್ಯಪ್ ಕೂರಿಸುವ ಫೈಲು. ಗೊತ್ತಿಲ್ಲದವರು ಕಳಿಸಿದ್ದನ್ನು ಹಾಕಿಕೊಂಡರೆ ನಿಮ್ಮ ಎಸ್ಸೆಮ್ಮೆಸ್, ಅದರೊಳಗಿನ ಒಟಿಪಿ ಅವರ ಕೈಗೆ ಹೋಗಬಹುದು. ಮಕ್ಕಳ ಭಯ ತೋರಿಸಿ ದುಡ್ಡು ಹೊಡೆಯುವ ಕಳ್ಳರು ಇವರು. ಫೈಲು ಅಳಿಸಿ, ಕಳಿಸಿದ ನಂಬರ್ ಬ್ಲಾಕ್ ಮಾಡಿ. ಆಗಲೇ ಹಾಕಿಕೊಂಡು ದುಡ್ಡು ಹೋಗಿದ್ದರೆ ಫೋನಿನ ಇಂಟರ್ನೆಟ್ ನಿಲ್ಲಿಸಿ, ಬೇರೆ ಫೋನಿನಿಂದ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಬ್ಯಾಂಕಿಗೂ ಕರೆ ಮಾಡಿ.