ಅಮೆರಿಕದಲ್ಲಿ ಸರ್ಕಾರಿ ದುಡ್ಡಿನ ಉಚಿತ ಲೈಬ್ರರಿ ಮೊದಲು ಶುರುವಾಗಿದ್ದು ಯಾವುದೋ ದೊಡ್ಡ ನಗರದಲ್ಲಾ?

ಅಲ್ಲ, ಒಂದು ಸಣ್ಣ ಊರಲ್ಲಿ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಪೀಟರ್‌ಬರೋ, 1833. ಬಾಸ್ಟನ್ನಿನ ದೊಡ್ಡ ಲೈಬ್ರರಿ ಬಾಗಿಲು ತೆರೆದದ್ದೇ 1854ರಲ್ಲಿ.

ದುಡ್ಡಿನ ಕತೆ ಮಜವಾಗಿದೆ. ಕಾಲೇಜು ಕಟ್ಟೋಣ ಅಂತ ರಾಜ್ಯ ಸರ್ಕಾರ ಬ್ಯಾಂಕುಗಳ ಮೇಲೆ ತೆರಿಗೆ ಹಾಕಿ ಹಣ ಕೂಡಿಸಿತ್ತು, ಆ ಕಾಲೇಜು ಆಗಲೇ ಇಲ್ಲ, ಕೊನೆಗೆ ಶಿಕ್ಷಣಕ್ಕೆ ಬಳಸಿಕೊಳ್ಳಿ ಅಂತ ಊರೂರಿಗೆ ಹಂಚಿಬಿಟ್ಟರು. ಪೀಟರ್‌ಬರೋದಲ್ಲಿ ಪಾದ್ರಿ ಏಬಿಯಲ್ ಅಬಟ್ ಸಲಹೆಯಂತೆ ಊರಿನ ಸಭೆಯಲ್ಲಿ ಜನ ಸೇರಿ, ಆ ಹಣದಲ್ಲಿ ಒಂದು ಪಾಲು ಪುಸ್ತಕಕ್ಕೆ ಅಂತ ತೀರ್ಮಾನ ಮಾಡಿದರು. ಲೈಬ್ರರಿ ಅಂದರೆ ಕಟ್ಟಡ ಇತ್ತು ಅಂದುಕೊಳ್ಳಬೇಡಿ! ಮೊದಮೊದಲು ಪುಸ್ತಕ ಇಟ್ಟಿದ್ದು ಊರಿನ ಅಂಗಡಿಯೊಂದರಲ್ಲಿ, ಪೋಸ್ಟ್ ಆಫೀಸೂ ಅಲ್ಲೇ, ಅಂದರೆ ಕಾಗದ ಬಂತಾ ಅಂತ ಕೇಳೋಕೆ ಹೋದವರು ಹಾಗೇ ಪುಸ್ತಕವನ್ನೂ ತರಬಹುದಿತ್ತು. ಸ್ವಂತ ಕಟ್ಟಡ ಆಗಿದ್ದು 1893ರಲ್ಲಿ.